ರಂಪ ಶುರುವಾಗುವ ಮೊದಲು ಬೋರ್ಡಿನ ಮೇಲೆ ಏನಿತ್ತು?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಈಗ ಮುಂಬಯಿಯ ಘಾಟ್‌ಕೋಪರಿನಲ್ಲಿದ್ದೇವೆ. ಮನೆಯವರು ಹೋಟೆಲಿನಲ್ಲಿ ಕ್ಯಾಶಿಯರ್, ಬರುವಾಗ ರಾತ್ರಿ ಹನ್ನೆರಡು ದಾಟುತ್ತದೆ. ಮಗನಿಗೆ 10 ವರ್ಷ, ಸ್ಟೇಟ್ ಬೋರ್ಡಿನ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ 5ನೇ ತರಗತಿ. ಎರಡನೇ ತರಗತಿಯವರೆಗೆ ಒಂದು ದೂರೂ ಇರಲಿಲ್ಲ. ಈಗ ನೋಟ್‌ಬುಕ್ ಹರಿಯುತ್ತಾನೆ, ಬೆಂಚಿನ ಕೆಳಗೆ ಹೋಗಿ ಕೂರುತ್ತಾನೆ, ಟೀಚರಿಗೆ ಎದುರು ಮಾತಾಡುತ್ತಾನೆ. ಡೈರಿಯಲ್ಲಿ ದಿನಾ ರಿಮಾರ್ಕ್. ಯೂನಿಟ್ ಟೆಸ್ಟಿನಲ್ಲಿ ಗಣಿತಕ್ಕೆ 20ರಲ್ಲಿ 4. ದಿನಕ್ಕೆ ಎರಡು ಗಂಟೆ ಟ್ಯೂಷನ್ ಹಾಕಿದ್ದೇವೆ, ಪ್ರಯೋಜನವಾಗಿಲ್ಲ. ಮನೆಯಲ್ಲಿ ಇಷ್ಟು ಗಲಾಟೆ ಇಲ್ಲ, ಹೋಮ್‌ವರ್ಕಿಗೆ ಕೂತಾಗ ಮಾತ್ರ. ಅವರಪ್ಪ ಒಂದೆರಡು ಸಲ ಹೊಡೆದೂ ನೋಡಿದರು. ಹೋದ ಓಪನ್ ಹೌಸಿನಲ್ಲಿ ಟಿ.ಸಿ. ತೆಗೆದುಕೊಂಡು ಹೋಗಿ ಎಂದರು. ಶಾಲೆ ಬದಲಿಸಬೇಕೇ, ಊರಿಗೆ ಅಜ್ಜಿಮನೆಗೆ ಕಳಿಸಬೇಕೇ, ಔಷಧಿ ಕೊಡಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಹೋಗುತ್ತ ಹೋಗುತ್ತ ಹೇಳಿಬಿಟ್ಟಿದ್ದೀರಿ: "ಹೋಮ್‌ವರ್ಕಿಗೆ ಕೂತಾಗ ಮಾತ್ರ." ಊಟಕ್ಕೆ, ಆಟಕ್ಕೆ, ಮಾರ್ಕೆಟ್ಟಿಗೆ ಹೋಗುವಾಗ ಸುಮ್ಮನಿರುವ ಹುಡುಗ ಪುಸ್ತಕ ತೆರೆದೊಡನೆ ಸಿಡಿಯುತ್ತಾನೆ ಎಂದರೆ, ಮೊದಲು ಹುಡುಗನನ್ನಲ್ಲ, ಪುಸ್ತಕವನ್ನು ಪರೀಕ್ಷಿಸಬೇಕು. ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಎಂದು ಹೇಳಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ನಿಮ್ಮ ಮಗನಿಗೆ ಅದು ಇಲ್ಲವೆಂದು ಪತ್ರ ನೋಡಿ ಹೇಳಲು ಬಾರದು. ಆದರೆ ಮೊದಲ ಅನುಮಾನ ಬೇರೆ ಕಡೆ ಹೋಗಬೇಕು.

ಭಾವನೆ ಮತ್ತು ವರ್ತನೆಯ ತೊಂದರೆ ಇರುವ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದು ಹೊಸ ಸಂಗತಿಯಲ್ಲ. ಅಮೆರಿಕದಲ್ಲಿ ಇಂಥ ಮಕ್ಕಳ ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಹಾಕಿ 2004ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದೆ. ಅದರ ಪ್ರಕಾರ ಉಳಿದ ಮಕ್ಕಳಿಗಿಂತ ಇವರು ಸರಾಸರಿ 0.69 ಮಾನಕ ವಿಚಲನೆಯಷ್ಟು ಕೆಳಗಿದ್ದರು. ಲೆಕ್ಕದ ಭಾಷೆ ಬಿಟ್ಟು ಹೇಳಿದರೆ, ನೂರು ಮಕ್ಕಳನ್ನು ಅಂಕದ ಸಾಲಿನಲ್ಲಿ ನಿಲ್ಲಿಸಿದಾಗ ಇಂಥ ಒಂದು ಸರಾಸರಿ ಮಗು ಕೆಳಗಿನಿಂದ 25ನೇ ಜಾಗದ ಆಸುಪಾಸಿನಲ್ಲಿರುತ್ತದೆ. ವರ್ತನೆ ಕೆಟ್ಟು ಓದು ಹಾಳಾಯಿತೋ, ಓದು ಬಾರದೆ ವರ್ತನೆ ಕೆಟ್ಟಿತೋ ಎಂದು ಶಾಲೆಗಳಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಎರಡೂ ಒಂದನ್ನೊಂದು ಎಳೆಯುತ್ತವೆ. ಬಾರದ ಲೆಕ್ಕ ಎದುರಿಗೆ ಬಂದಾಗ ನೋಟ್‌ಬುಕ್ ಹರಿದರೆ ಹುಡುಗನನ್ನು ಹೊರಗೆ ನಿಲ್ಲಿಸುತ್ತಾರೆ. ಹೊರಗೆ ನಿಂತರೆ ಲೆಕ್ಕ ತಪ್ಪಿತು. ಶಿಕ್ಷೆ ಎಂದು ಟೀಚರ್ ಕೊಟ್ಟದ್ದು ಅವನ ಪಾಲಿಗೆ ಬಿಡುಗಡೆ. ಆ ಹೊತ್ತಿನ ಪಾಠವೂ ತಪ್ಪಿದ್ದರಿಂದ ನಾಳೆಯ ಲೆಕ್ಕ ಇನ್ನಷ್ಟು ಕಷ್ಟ, ನಾಳೆಯ ರಂಪ ಇನ್ನಷ್ಟು ಬೇಗ.

ಇದು ನಿಮ್ಮ ಮಗನ ವಿಷಯದಲ್ಲಿ ನಿಜವೇ ಎಂದು ತಿಳಿಯಲು ಹತ್ತು ಶಾಲಾದಿನ ಸಾಕು. 100 ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ: ಹೊತ್ತು ಮತ್ತು ವಿಷಯ, ಆಗ ಕೊಟ್ಟಿದ್ದ ಕೆಲಸ, ಅವನು ಮಾಡಿದ್ದು, ಅದರ ಮರುಕ್ಷಣ ಆದದ್ದು. "ಗಲಾಟೆ ಮಾಡಿದ" ಎಂದು ಬರೆದರೆ ಉಪಯೋಗವಿಲ್ಲ. "10.40, ಗಣಿತ, ಬೋರ್ಡಿನಿಂದ 8 ಭಾಗಾಕಾರ ಬರೆದುಕೊಳ್ಳಬೇಕಿತ್ತು, ಹಾಳೆ ಹರಿದ, ಹೊರಗೆ ಕಳಿಸಿದರು" ಎಂದಿರಬೇಕು. ಟೀಚರಿಂದ ಇಷ್ಟು ವಿವರ ದಿನಾ ಸಿಗುವುದಿಲ್ಲ, ಅವರ ಮುಂದೆ ಐವತ್ತು ಮಕ್ಕಳಿರುತ್ತಾರೆ. ರಿಮಾರ್ಕಿನ ಪಕ್ಕ ಪೀರಿಯಡ್ ಸಂಖ್ಯೆಯೊಂದನ್ನು ಬರೆಯಲು ಕೇಳಿಕೊಳ್ಳಿ. ಉಳಿದದ್ದು ಟೈಮ್‌ಟೇಬಲ್ ಮತ್ತು ಅವನ ನೋಟ್‌ಬುಕ್ಕಿನಿಂದ ಗೊತ್ತಾಗುತ್ತದೆ. ಮಗನನ್ನು "ಯಾಕೆ ಹಾಗೆ ಮಾಡಿದೆ?" ಎಂದು ಕೇಳಬೇಡಿ. ಅದಕ್ಕೆ ಹತ್ತು ವರ್ಷದ ಮಕ್ಕಳಲ್ಲಿ ಉತ್ತರವಿರುವುದಿಲ್ಲ, ಸುಳ್ಳು ಮಾತ್ರ ಇರುತ್ತದೆ. "ಆಗ ಬೋರ್ಡಿನ ಮೇಲೆ ಏನಿತ್ತು?" ಎಂದು ಕೇಳಿ. ಅದನ್ನು ಹೇಳುತ್ತಾನೆ.

ಹತ್ತು ದಿನದ ಪುಟ ನೋಡಿದಾಗ ಬರಹದ ಕೆಲಸಕ್ಕೆ ಮುಂಚೆಯೇ ಹೆಚ್ಚಿನ ಘಟನೆಗಳು ಬಿದ್ದಿದ್ದರೆ ಅದು ತಪ್ಪಿಸಿಕೊಳ್ಳುವ ವರ್ತನೆ. ಕೆಲಸ ಯಾವುದೇ ಇರಲಿ, ಟೀಚರ್ ಬೇರೆಯವರ ಕಡೆ ತಿರುಗಿದಾಗ ಅಥವಾ ಗೆಳೆಯರು ನಗುವಾಗ ಶುರುವಾಗುತ್ತಿದ್ದರೆ ಗಮನ ಸೆಳೆಯುವ ವರ್ತನೆ. ಪೀಟಿ, ಮಧ್ಯಂತರ, ಸಾಲಿನಲ್ಲಿ ನಿಲ್ಲುವ ಹೊತ್ತಿನಲ್ಲೇ ಹೆಚ್ಚಿದ್ದರೆ ಬೇರೆ ಮಕ್ಕಳು ಪೀಡಿಸುತ್ತಿರಬಹುದು. ಅದನ್ನು ಮೊದಲು ಬಗೆಹರಿಸಬೇಕು. ಮದ್ದು ಮೂರಕ್ಕೂ ಬೇರೆ. ಗಮನ ಬೇಕಿರುವವನನ್ನು ಕಡೆಗಣಿಸುವುದು ಒಂದು ಉಪಾಯವಾಗಬಹುದು. ತಪ್ಪಿಸಿಕೊಳ್ಳಬೇಕಾದವನನ್ನು ಕಡೆಗಣಿಸಿದರೆ ಅವನು ಕೇಳಿದ್ದನ್ನೇ ಕೊಟ್ಟಂತೆ.

ಅದೇ ಹತ್ತು ದಿನಗಳಲ್ಲಿ ಒಂದು ಸಂಜೆ ಓದಿನ ಮಟ್ಟ ನೋಡಿ. ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) 3, 4 ಮತ್ತು 5ನೇ ತರಗತಿಯ ಇಂಗ್ಲಿಷ್ ಪುಸ್ತಕಗಳಿಂದ ಅವನು ಹಿಂದೆ ಬಾಯಿಪಾಠ ಮಾಡಿರದ ಒಂದೊಂದು ಭಾಗ ಆರಿಸಿ, ಸರಿಯಾಗಿ 100 ಪದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮೂರನೆಯದರಿಂದ ಶುರುಮಾಡಿ. ಜೋರಾಗಿ ಓದಲಿ. ತಪ್ಪು ಓದಿದ, ಬಿಟ್ಟ, ಮೂರು ಸೆಕೆಂಡು ಕಾದರೂ ಬಾರದ ಪದಗಳನ್ನು ಎಣಿಸಿ. ಬಾರದಿದ್ದರೆ ನೀವೇ ಹೇಳಿ ಮುಂದೆ ಸಾಗಿಸಿ. ತಪ್ಪು 3ರೊಳಗಿದ್ದರೆ ಅವನು ಒಬ್ಬನೇ ಓದಬಲ್ಲ ಮಟ್ಟ. 4ರಿಂದ 7 ಇದ್ದರೆ ಪಕ್ಕದಲ್ಲಿ ಒಬ್ಬರಿದ್ದು ಕಲಿಸಬೇಕಾದ ಮಟ್ಟ. 10 ದಾಟಿದರೆ ಆ ಪುಸ್ತಕ ಅವನ ಕೈಮೀರಿದ್ದು. 5ನೇ ತರಗತಿಯಲ್ಲಿ ಕೂತು 3ನೇ ತರಗತಿಯ ಪುಟದಲ್ಲೇ 12 ತಪ್ಪು ಮಾಡುವ ಹುಡುಗನಿಗೆ ಪರಿಸರ ಅಧ್ಯಯನ ಕೂಡ ಓದಿನ ಶಿಕ್ಷೆಯೇ ಆಗಿರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಓದಿದ ಭಾಗದ ಬಗ್ಗೆ ನಾಲ್ಕು ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ಅವೇ ನಾಲ್ಕನ್ನು ನಿಮ್ಮ ಮನೆಮಾತಿನಲ್ಲಿ ಕೇಳಿ. ಓದಲು ಬಂತು, ಉತ್ತರ ಕುಂದಾಪ್ರ ಕನ್ನಡದಲ್ಲಿ ಮಾತ್ರ ಬಂತು ಎಂದಾದರೆ ಕೊರತೆ ಇಂಗ್ಲಿಷ್ ಪದಭಂಡಾರದ್ದು. ಓದಲೇ ಬರಲಿಲ್ಲ, ಆದರೆ ನೀವೇ ಓದಿ ಹೇಳಿದಾಗ ಫಟಾಫಟ್ ಉತ್ತರ ಕೊಟ್ಟ ಎಂದಾದರೆ ತೊಂದರೆ ಅಕ್ಷರ ಮತ್ತು ಧ್ವನಿ ಕೂಡಿಸುವಲ್ಲಿದೆ. ಕಲಿಕಾ ನ್ಯೂನತೆಯ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಹತ್ತದ ತೊಂದರೆ) ಪರೀಕ್ಷೆ ಮಾಡಿಸಲೇಬೇಕು. ಓದಿ ಹೇಳಿದರೂ, ಮನೆಮಾತಿನಲ್ಲಿ ಕೇಳಿದರೂ ಉತ್ತರವಿಲ್ಲದಿದ್ದರೆ ಗಮನ, ನೆನಪು, ಕಿವಿ ಎಲ್ಲವನ್ನೂ ನೋಡಿಸಬೇಕಾಗುತ್ತದೆ. ಮುಂಬಯಿಯ ನಮ್ಮ ಮಕ್ಕಳ ಮೇಲಿರುವ ಭಾಷೆಯ ಹೊರೆ ಊರಿನವರಿಗೆ ಬೇಗ ಅರ್ಥವಾಗುವುದಿಲ್ಲ: ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಕೆಳಗೆ ಹಿಂದಿ, ಪಾಠ ಇಂಗ್ಲಿಷ್, ಅದರ ಮೇಲೆ ಮರಾಠಿ. ಹೆಚ್ಚಿನ ಮಕ್ಕಳು ಹೊರುತ್ತಾರೆ. ನಾಲ್ಕು ಭಾಷೆಯಿಂದ ಕಲಿಕಾ ನ್ಯೂನತೆ ಹುಟ್ಟುವುದಿಲ್ಲ, ಆದರೆ ಇರುವ ನ್ಯೂನತೆ "ಭಾಷೆ ಬಾರದು ಪಾಪ" ಎಂಬ ಮಾತಿನ ಹಿಂದೆ ವರ್ಷಗಟ್ಟಲೆ ಅಡಗಿ ಕೂರುತ್ತದೆ. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಒಂದೇ ಬಗೆಯ ತಪ್ಪು ಕಂಡರೆ ಭಾಷೆಯ ಮೇಲೆ ತಪ್ಪು ಹೊರಿಸಬೇಡಿ.

ಗಣಿತಕ್ಕೆ ಇನ್ನೂ ಸುಲಭ. ದಶಕ ತೆಗೆದುಕೊಂಡು ಕಳೆಯುವ ಹತ್ತು ಲೆಕ್ಕ (52 - 27ರಂಥವು), 6ರಿಂದ 9ರ ಮಗ್ಗಿಯಿಂದ ಹತ್ತು ಗುಣಾಕಾರ, ಎರಡಂಕಿಯನ್ನು ಒಂದಂಕಿಯಿಂದ ಭಾಗಿಸುವ ಐದು. ಗಡಿಯಾರ ಇಡಬೇಡಿ. ಎಲ್ಲಿ ಹತ್ತರಲ್ಲಿ ಎಂಟಕ್ಕಿಂತ ಕಡಿಮೆ ಬರುತ್ತದೋ ಅಲ್ಲಿಂದ ಶುರು. ಭಾಗಾಕಾರಕ್ಕೆ ಒಳಗೆ ಗುಣಾಕಾರ, ವ್ಯವಕಲನ ಎರಡೂ ಬೇಕು. ಕಳೆಯಲು ಬಾರದವನಿಗೆ ಭಿನ್ನರಾಶಿ ಕಲಿಸುವ ಟ್ಯೂಷನ್ ಮೇಲ್ಮಹಡಿಗೆ ಸುಣ್ಣ ಬಳಿದ ಹಾಗೆ.

ಇದೇ ಕಾರಣಕ್ಕೆ ಈಗಿನ ಟ್ಯೂಷನ್ ನಿಲ್ಲಿಸಿ. ಹದಿನೈದು ಮಕ್ಕಳ ಗುಂಪಿನಲ್ಲಿ ಶಾಲೆಯದೇ ಪಾಠ, ಅದೇ ವೇಗದಲ್ಲಿ ಮತ್ತೊಮ್ಮೆ ನಡೆಯುತ್ತದೆ. ಅದು ಗಂಟೆ ಕೂಡಿಸುತ್ತದೆ, ಮಟ್ಟ ಇಳಿಸುವುದಿಲ್ಲ. ಬದಲಿಗೆ ಮನೆಯಲ್ಲಿ 30 ನಿಮಿಷ, ವಾರಕ್ಕೆ ಐದು ದಿನ ಸಾಕು. ಮೊದಲ 10 ನಿಮಿಷ, ಮೇಲಿನ ಪರೀಕ್ಷೆಯಲ್ಲಿ 4ರಿಂದ 7 ತಪ್ಪು ಬಂದ ಮಟ್ಟದ ಒಂದು ಭಾಗವನ್ನು ಮೂರು ಸಲ ಓದಲಿ. ತಪ್ಪಿದ ಪದವನ್ನು ನೀವು ಹೇಳಿ, ಅವನು ಹೇಳಿ, ಆ ವಾಕ್ಯ ಮತ್ತೆ ಓದಲಿ. ನಿಮಿಷಕ್ಕೆ ಸರಿ ಓದಿದ ಪದಗಳ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿ. ಮೂರನೇ ಸಲಕ್ಕೆ ಸಂಖ್ಯೆ ಏರುವುದನ್ನು ಕಣ್ಣಾರೆ ನೋಡುವುದು ಇಂಥ ಮಗುವಿಗೆ ಯಾವ ಬಹುಮಾನಕ್ಕೂ ಕಡಿಮೆಯಲ್ಲ. ಮುಂದಿನ 10 ನಿಮಿಷ ಮಗ್ಗಿಯ ಚೀಟಿಗಳು: ಬರುವ ಒಂಬತ್ತರ ನಡುವೆ ಬಾರದ್ದು ಒಂದೇ ಒಂದು. ಹತ್ತೂ ಹೊಸವನ್ನು ಒಟ್ಟಿಗೆ ಇಟ್ಟರೆ ಮೊದಲ ದಿನವೇ ಚೀಟಿ ಹರಿಯುತ್ತಾನೆ. ಕೊನೆಯ 10 ನಿಮಿಷ ಹೋಮ್‌ವರ್ಕ್. ಮುಗಿಯದಿದ್ದರೆ ಡೈರಿಯಲ್ಲಿ "10 ನಿಮಿಷ ಮಾಡಿದ್ದಾನೆ, ಇಲ್ಲಿಗೆ ನಿಲ್ಲಿಸಿದ್ದೇನೆ" ಎಂದು ಸಹಿ ಹಾಕಿ ಪುಸ್ತಕ ಮುಚ್ಚಿ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅಪ್ಪನನ್ನು ನೋಡಿಯೇ ಮಲಗುತ್ತೇನೆ ಎಂದು ಹನ್ನೆರಡರವರೆಗೆ ಎದ್ದಿರುವ ಹೋಟೆಲಿನವರ ಮಕ್ಕಳು ಮುಂಬಯಿಯಲ್ಲಿ ಕಡಿಮೆಯಿಲ್ಲ. ನಿಮ್ಮಲ್ಲೂ ಹಾಗಿದ್ದರೆ ಬೇರೇನನ್ನೂ ಮುಟ್ಟುವ ಮೊದಲು ಅದನ್ನು ಸರಿಮಾಡಿ.

ಈಗ ಶಾಲೆ. ಓಪನ್ ಹೌಸಿನ ದಿನ ಹೋಗಬೇಡಿ, ಅಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ, ಹಿಂದೆ ಸಾಲು. ಬೇರೆ ದಿನ 20 ನಿಮಿಷ ಬೇಕೆಂದು ಕ್ಲಾಸ್ ಟೀಚರಿಗೆ ಪತ್ರ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಹತ್ತು ದಿನದ ಪುಟ, ಓದಿನ ಲೆಕ್ಕ ಕೈಯಲ್ಲಿರಲಿ. "ನನ್ನ ಮಗ ಒಳ್ಳೆಯವನು" ಎಂದು ವಾದಿಸುವುದಕ್ಕಿಂತ "ಹನ್ನೊಂದರಲ್ಲಿ ಎಂಟು ಸಲ ಬರಹದ ಕೆಲಸಕ್ಕೆ ಮುಂಚೆಯೇ ಆಗಿದೆ ಟೀಚರ್" ಎಂಬಂಥ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಕೇಳಬೇಕಾದದ್ದು ಸ್ವಲ್ಪವೇ. ಇಪ್ಪತ್ತು ಲೆಕ್ಕದ ಬದಲು ಐದೈದರ ತುಂಡು, ಪ್ರತಿ ತುಂಡಿನಲ್ಲಿ ಬರುವ ಲೆಕ್ಕ ಮೂರಾದರೂ ಇರಲಿ. ಬೋರ್ಡಿನಿಂದ ಉದ್ದುದ್ದ ಬರೆದುಕೊಳ್ಳುವುದರ ಬದಲು ಪಕ್ಕದವನ ನೋಟ್‌ಬುಕ್ಕಿನ ಜೆರಾಕ್ಸ್. ಜೊತೆಗೆ ಒಂದು ರಜೆ ಚೀಟಿ: ದಿನಕ್ಕೆ ಎರಡು, ಒಂದೊಂದು ಐದು ನಿಮಿಷದ್ದು. ತಲೆ ಬಿಸಿಯಾಗುತ್ತಿದೆ ಎನಿಸಿದಾಗ ಚೀಟಿಯನ್ನು ಟೀಚರ ಮೇಜಿನ ಮೇಲಿಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬರಬಹುದು, ಬಂದ ಮೇಲೆ ಅದೇ ಕೆಲಸ ಮುಂದುವರಿಯಬೇಕು. ಟೀಚರುಗಳು ಇದನ್ನು ಒಪ್ಪಲು ಹಿಂಜರಿಯುತ್ತಾರೆ, ಎಲ್ಲರೂ ಕೇಳಿದರೆ ಏನು ಗತಿ ಎಂದು. ಅವನು ಈಗಲೇ ಹರಿದು ಕೂಗಾಡಿ ದಿನಕ್ಕೆ ಒಂದು ಪೀರಿಯಡ್ ರಜೆ ಪಡೆಯುತ್ತಿದ್ದಾನೆ. ಹತ್ತು ನಿಮಿಷ ಅದಕ್ಕಿಂತ ಅಗ್ಗ. ಒಂದೇ ನಿಯಮ, ಚೀಟಿ ನಡೆಯುವುದು ರಂಪಕ್ಕೆ ಮೊದಲು. ರಂಪದ ನಂತರ ಕೊಟ್ಟರೆ ರಂಪಕ್ಕೇ ಕೂಲಿ ಕೊಟ್ಟಂತಾಗುತ್ತದೆ.

ಇದರೊಂದಿಗೆ ದಿನದ ಕಾರ್ಡ್. ವರ್ತನೆ ತಿದ್ದುವ ಉಪಾಯಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದವುಗಳಲ್ಲಿ ಇದೊಂದು; ಖರ್ಚು ಒಂದು ಹಾಳೆ. ಅಂಗೈಯಗಲದ ಕಾರ್ಡಿನಲ್ಲಿ ಮೂರು ಸಾಲು, ಪೀರಿಯಡ್‌ಗಳಿಗೆ ಒಂದೊಂದು ಮನೆ, ಟಿಕ್ ಹಾಕುವವರು ಟೀಚರ್. ಮಾಡಬಾರದ್ದನ್ನಲ್ಲ, ಮಾಡಬೇಕಾದ್ದನ್ನು ಬರೆಯಿರಿ, ಅದೂ ಎಣಿಸುವಂತಿರಬೇಕು: "ಕೊಟ್ಟ ತುಂಡು ಕೆಲಸ ಮುಗಿಸಿದ", "ಬೇಕಾದಾಗ ಕೈ ಎತ್ತಿದ ಅಥವಾ ಚೀಟಿ ಇಟ್ಟ", "ತನ್ನ ಜಾಗದಲ್ಲಿದ್ದ". "ಒಳ್ಳೆಯ ಹುಡುಗನಾಗಿದ್ದ" ಎಂಬುದಕ್ಕೆ ಯಾರೂ ಟಿಕ್ ಹಾಕಲಾರರು. ಮೊದಲ ಐದು ದಿನ ಕಾರ್ಡಿನ ಸುದ್ದಿ ಅವನಿಗೆ ಹೇಳದೆ ಸುಮ್ಮನೆ ಎಣಿಸಿ. ಆರು ಪೀರಿಯಡ್‌ಗಳಲ್ಲಿ ಎರಡರಲ್ಲಿ ಕೆಲಸ ಮುಗಿಸುತ್ತಿದ್ದರೆ ಮೊದಲ ಗುರಿ ಮೂರು. ಆರಕ್ಕೆ ಆರು ಎಂದು ಹಾಕುವ ಉತ್ಸಾಹವೇ ಹೆಚ್ಚಿನ ಕಾರ್ಡುಗಳನ್ನು ಎರಡನೇ ವಾರಕ್ಕೆ ಕೊಲ್ಲುವುದು. ಮೊದಲ ವಾರ ಐದು ದಿನಗಳಲ್ಲಿ ನಾಲ್ಕು ದಿನ ಗೆಲ್ಲುವಷ್ಟು ಗುರಿ ಸುಲಭವಿರಬೇಕು. ಎರಡು ವಾರ ಗೆದ್ದ ಮೇಲೆ ಒಂದು ಪೀರಿಯಡ್ ಏರಿಸಿ.

ಬಹುಮಾನ ಅದೇ ಸಂಜೆ, ಚಿಕ್ಕದು: ಕೆಳಗೆ ಹೆಚ್ಚು ಹೊತ್ತು ಕ್ರಿಕೆಟ್, ಅರ್ಧ ಗಂಟೆ ಮೊಬೈಲ್, ರಾತ್ರಿ ಯಾವ ದೋಸೆ ಎಂದು ಹೇಳುವ ಅಧಿಕಾರ. ವರ್ಷದ ಕೊನೆಗೆ ಸೈಕಲ್ ಎಂಬ ಆಸೆ ಈ ಮಕ್ಕಳ ಮೇಲೆ ಕೆಲಸ ಮಾಡುವುದಿಲ್ಲ, ಜೂನ್‌ನಿಂದ ಏಪ್ರಿಲ್ ಬಹಳ ದೂರ. ಗಳಿಸಿದ್ದನ್ನು ಬೇರೆ ತಪ್ಪಿಗೆ ಕಿತ್ತುಕೊಳ್ಳಬಾರದು. ಸೋತ ದಿನ ಭಾಷಣವೂ ಬೇಡ, "ನಾಳೆ ನೋಡೋಣ" ಎಂದರೆ ಮುಗಿಯಿತು. ಕಾರ್ಡ್ ಮರೆತು ಬಂದರೆ ಸೋತ ದಿನವೆಂದೇ ಲೆಕ್ಕ, ಇಲ್ಲವಾದರೆ ಕೆಟ್ಟ ದಿನಗಳ ಕಾರ್ಡುಗಳೆಲ್ಲ ಬಸ್ಸಿನಲ್ಲೇ ಕಳೆದುಹೋಗುತ್ತವೆ. ಅವರಪ್ಪ ರಾತ್ರಿ ಬರುವುದರಿಂದ ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಹಿಂದಿನ ದಿನದ ಕಾರ್ಡಿಗೆ ಸಹಿ ಹಾಕಲಿ, ಗೆದ್ದ ಮನೆಗಳ ಬಗ್ಗೆ ಮಾತ್ರ ಮಾತಾಡಲಿ. ದಿನಕ್ಕೆ ಎರಡು ನಿಮಿಷದ ಆ ಮಾತು, ತಿಂಗಳಿಗೊಮ್ಮೆಯ ಹೊಡೆತಕ್ಕಿಂತ ಜಾಸ್ತಿ ತೂಗುತ್ತದೆ. ಪೆಟ್ಟು ಬಿದ್ದೊಡನೆ ಹುಡುಗ ಸುಮ್ಮನಾಗುತ್ತಾನೆ, ಹಾಗಾಗಿ ಕೆಲಸ ಮಾಡಿತು ಎನಿಸುತ್ತದೆ. ಆದರೆ ಭಾಗಾಕಾರ ಅಲ್ಲೇ ಇರುತ್ತದೆ, ಈಗ ಅದರ ಜೊತೆ ಹೆದರಿಕೆಯೂ ಸೇರುತ್ತದೆ.

ಒಂದು ಎಚ್ಚರಿಕೆ. ಹರಿದರೂ ಕೂಗಿದರೂ ಕೆಲಸ ತಪ್ಪುವುದಿಲ್ಲ ಎಂದು ಗೊತ್ತಾದ ಮೊದಲ ಒಂದೆರಡು ವಾರ ರಂಪ ಹೆಚ್ಚುವುದುಂಟು. ನಲ್ಲಿಯಲ್ಲಿ ನೀರು ಬಾರದಿದ್ದಾಗ ಇನ್ನೂ ಜೋರಾಗಿ ತಿರುಗಿಸುತ್ತೇವಲ್ಲ, ಹಾಗೆ. ಹೆಚ್ಚಿನವರು ಇಲ್ಲೇ ಕೈಬಿಟ್ಟು "ಇದೆಲ್ಲ ಆಗುವುದಿಲ್ಲ" ಎನ್ನುತ್ತಾರೆ. ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಮಾತ್ರ ಕಲಿಸಲು, ಬುದ್ಧಿ ಹೇಳಲು, ಕೈಹಿಡಿದು ಎಳೆಯಲು ಹೋಗಬಾರದು. ಚಿಕ್ಕ ವಾಕ್ಯ, ತಗ್ಗಿದ ದನಿ, ಎರಡು ಹೆಜ್ಜೆ ಅಂತರ. ಸಮಾಧಾನವಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಸುಲಭದ ಕೆಲಸದಿಂದಲೇ ಶುರು.

ಟಿ.ಸಿ. ಮಾತಿಗೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 16ನೇ ಕಲಮಿನ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಪರೀಕ್ಷೆ ನಡೆಸಿ, ಮರುಪರೀಕ್ಷೆಯಲ್ಲೂ ಫೇಲಾದರೆ ಅದೇ ತರಗತಿಯಲ್ಲಿ ಉಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ, ಮಹಾರಾಷ್ಟ್ರ 2023ರಲ್ಲಿ ಅದನ್ನು ಬಳಸಿಕೊಂಡಿತು. ಅಂದರೆ ನಿಮ್ಮ ಮಗನಿಗೆ ಈ ವರ್ಷ ಪರೀಕ್ಷೆಯ ಚಿಂತೆ ಇದೆ, ಹೊರಹಾಕುವ ಚಿಂತೆ ಇಲ್ಲ. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಶಾಲೆ ಯಾವ ಬಗೆಯದೆಂದು ಕೇಳಿ ತಿಳಿದುಕೊಂಡೇ ಕಾನೂನಿನ ಮಾತು ತೆಗೆಯಿರಿ. ಶಾಲೆ ಬದಲಿಸಿದರೆ ಅದೇ ಕೊರತೆ ಹೊಸ ಟೀಚರ ಎದುರು ಕೂರುತ್ತದೆ, ಅಷ್ಟೇ.

ಊರಿಗೆ ಕಳಿಸುವುದು ನಮ್ಮವರ ಹಳೆಯ ದಾರಿ. ಈಗ ಬೇಡ. ಮನೆಯಲ್ಲಿ ಕನ್ನಡ ಮಾತಾಡಿದರೂ ಅವನಿಗೆ ಕನ್ನಡ ಅಕ್ಷರ ಬರದಿದ್ದರೆ 5ನೇ ತರಗತಿಯಲ್ಲಿ ಕಾಗುಣಿತದಿಂದ ಶುರು. ಜೊತೆಗೆ, ಕೆಟ್ಟ ಹುಡುಗನೆಂದು ಅಪ್ಪ ಅಮ್ಮ ದೂರ ಕಳಿಸಿದರು ಎಂಬ ನೋವು.

ವೈದ್ಯರ ಬಳಿ ಹೋಗುವ ಮುಂಚೆ ಕಣ್ಣು, ಕಿವಿ ಪರೀಕ್ಷೆ ಆಗಲಿ, ಹಿಮೋಗ್ಲೋಬಿನ್ ನೋಡಿಸಿ. ಮಾತಿನ ನಡುವೆ ಕೆಲವು ಸೆಕೆಂಡು ದಿಟ್ಟಿಸಿ ನಿಂತು ಮತ್ತೆ ಸರಿಹೋಗುವುದನ್ನು ನೋಡಿದ್ದರೆ ಅದನ್ನು ತಪ್ಪದೆ ಹೇಳಿ, ಅಪಸ್ಮಾರದ ಒಂದು ಬಗೆ ಹಾಗಿರುತ್ತದೆ. ಮುಂಬಯಿಯಲ್ಲಿ ಸಯನ್ ಆಸ್ಪತ್ರೆ, ಕೆಇಎಂ, ನಾಯರ್‌ಗಳಲ್ಲಿ ಕಲಿಕಾ ನ್ಯೂನತೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಮೂರು ವರ್ಷದ ಪ್ರಗತಿಪತ್ರ, ಹರಿದದ್ದೂ ಸೇರಿ ನೋಟ್‌ಬುಕ್‌ಗಳು, ಕ್ಲಾಸ್ ಟೀಚರ ಪತ್ರ, ನಿಮ್ಮ ಹತ್ತು ದಿನದ ಪುಟ ತೆಗೆದುಕೊಂಡು ಹೋಗಿ. ಸರದಿ ಬರಲು ಸಮಯ ಹಿಡಿಯುತ್ತದೆ, ಅದಕ್ಕೇ ಈಗಲೇ ಹೆಸರು ಬರೆಸಿ. 2016ರ ವಿಕಲಚೇತನರ ಹಕ್ಕು ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ, ಆಟಿಸಂ, ಮಾನಸಿಕ ಕಾಯಿಲೆ ಇವೆ. ಎಡಿಎಚ್‌ಡಿ ಆ ಹೆಸರಿನಲ್ಲಿ ಇಲ್ಲ, ವರ್ತನೆಯ ತೊಂದರೆಯೂ ಇಲ್ಲ. ಸಿಟ್ಟಿನ ಹುಡುಗನೆಂದು ಮಾತ್ರ ಕರೆದೊಯ್ದರೆ ಓದಿನ ಪರೀಕ್ಷೆ ಆಗದೆಯೇ ವಾಪಸಾಗಬಹುದು, ಆದ್ದರಿಂದ ಓದು ಮತ್ತು ಗಣಿತದ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಇದ್ದರೆ ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬರಹಗಾರರ ನೆರವಿನಂಥ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಔಷಧಿಯ ಬಗ್ಗೆ ಎರಡೇ ಮಾತು. ಎಡಿಎಚ್‌ಡಿ ಇದೆಯೆಂದು ಮಕ್ಕಳ ಮನೋವೈದ್ಯರು ತೀರ್ಮಾನಿಸಿದರೆ ಮಿಥೈಲ್‌ಫೆನಿಡೇಟ್ ಕೊಡಬಹುದು. ಸಾಮಾನ್ಯ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯ ಆಸುಪಾಸು, ಹಸಿವು ಮತ್ತು ನಿದ್ದೆ ಕಡಿಮೆಯಾಗಬಹುದು, ತೂಕ ಎತ್ತರ ಅಳೆಯುತ್ತಿರಬೇಕು. ಅದು ಕೂರಿಸುತ್ತದೆ, ಗಮನ ನಿಲ್ಲಿಸುತ್ತದೆ; ಕಲಿಯದೆ ಬಿಟ್ಟ ವ್ಯವಕಲನವನ್ನು ಕಲಿಸುವುದಿಲ್ಲ.

ಸಾಯುತ್ತೇನೆ ಎಂಬ ಮಾತು, ತನಗೋ ಇನ್ನೊಬ್ಬರಿಗೋ ಗಾಯ ಮಾಡುವುದು, ರಾತ್ರಿಯಿಡೀ ನಿದ್ದೆ ಇಲ್ಲದಿರುವುದು ಕಂಡರೆ ಯಾವ ಕಾರ್ಡಿಗೂ ಕಾಯದೆ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

ಕಾರ್ಡ್ ಶುರುವಾದ ಆರು ವಾರಕ್ಕೆ ಲೆಕ್ಕ ನೋಡಿ: ಮುಗಿಸಿದ ತುಂಡುಗಳೆಷ್ಟು, ನಿಮಿಷಕ್ಕೆ ಸರಿ ಓದಿದ ಪದಗಳೆಷ್ಟು. ಯೂನಿಟ್ ಟೆಸ್ಟಿನ ಅಂಕ ಆಗ ನೋಡಬೇಡಿ, ಅದು ಎಲ್ಲಕ್ಕಿಂತ ಕೊನೆಗೆ ಅಲುಗಾಡುವುದು. ಮುಗಿಸಿದ ತುಂಡುಗಳು ಹೆಚ್ಚಾಗಿ ಓದು ಮಾತ್ರ ನಿಂತಲ್ಲೇ ನಿಂತಿದ್ದರೆ ಸ್ಪೆಷಲ್ ಎಜುಕೇಟರ್ (ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರು) ಹುಡುಕುವ ಸಮಯ. ಎರಡೂ ಅಲುಗಾಡದಿದ್ದರೆ ಮೊದಲು ಆ ನಾಲ್ಕು ಅಂಕಣದ ನೋಟ್‌ಬುಕ್ಕನ್ನು ಮತ್ತೆ ಐದು ದಿನ ತೆರೆಯಿರಿ. ಅವನು ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನಾವು ಅಂದುಕೊಂಡದ್ದೇ ತಪ್ಪಿರಬಹುದು.